ಐವತ್ತು ವರ್ಷದ ಬೆಳ್ಳಿ, ಮಂಡ್ಯದ ಒಂದು ಹೆಸರು

ಬಂಡೂರು ಎಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು ಕುರಿ. ಮಳವಳ್ಳಿ ತಾಲ್ಲೂಕಿನ ಈ ಊರಿನ ಹೆಸರು ಹೊತ್ತ ಗಿಡ್ಡ ಕಾಲಿನ, ತುಂಬಿದ ಮೈಯ ತಳಿಯನ್ನು ಸರ್ಕಾರದ ದಾಖಲೆ 'ಮಂಡ್ಯ' ಎಂದು ಬರೆದುಕೊಂಡಿದೆ. ಪೇಟೆಯ ಮಾಂಸದಂಗಡಿಯ ಬೋರ್ಡು 'ಬನ್ನೂರು' ಎನ್ನುತ್ತದೆ. ಸಾಕಿದವರ ಬಾಯಲ್ಲಿ ಮಾತ್ರ ಅದು ಎಂದಿಗೂ ಬಂಡೂರು ಕುರಿ. ಒಂದು ವಸ್ತುವಿನ ಮೇಲೆ ಯಾರ ಹೆಸರು ನಿಲ್ಲಬೇಕು, ಯಾರ ಹೆಸರು ಅಳಿಸಿಹೋಗುತ್ತದೆ ಎಂಬ ಪ್ರಶ್ನೆಯ ಜೊತೆಗೇ ಈ ಸೀಮೆಯ ಜನ ಬದುಕಿದ್ದಾರೆ. ವಿಶ್ವಕಪ್ ಕ್ರಿಕೆಟ್‌ಗೆ 2025ರಲ್ಲಿ ಐವತ್ತು ತುಂಬಿತು. ಆ ಬೆಳ್ಳಿ ಕಪ್‌ನ ಕಥೆಯನ್ನು ಹಿಂದಿರುಗಿ ನೋಡಲು ಕುಳಿತಾಗಲೂ ನಮಗೆ ಮೊದಲು ಎದುರಾದದ್ದು ಇದೇ ಪ್ರಶ್ನೆ.

ಭತ್ತದ ಕೊಯ್ಲು ಮುಗಿದು ಗದ್ದೆಬಯಲು ಒಣಗಿತೆಂದರೆ ಮದ್ದೂರು, ಮಳವಳ್ಳಿ ಕಡೆಯ ಊರುಗಳಲ್ಲಿ ಟೆನಿಸ್ ಬಾಲ್ ಟೂರ್ನಿಗಳ ಕಾಲ. ಶಾಮಿಯಾನದ ಕೆಳಗಿನ ಮೇಜಿನ ಮೇಲೆ ಬಟ್ಟೆ ಹಾಸಿ ಕಪ್ ಇಟ್ಟಿರುತ್ತಾರೆ. ಅದು ಬೆಳ್ಳಿಯದಲ್ಲ, ಬೆಳ್ಳಿಯ ಹೊಳಪಿನದು. ಅದರ ಕೆಳಗಿನ ತಗಡಿನಲ್ಲಿ ಕೊಟ್ಟವರ ಹೆಸರು ದೊಡ್ಡದಾಗಿ, ಯಾರ ನೆನಪಿಗೆ ಕೊಟ್ಟರೋ ಅವರ ಹೆಸರು ಅದರ ಕೆಳಗೆ. ಕೆಲವು ಕಡೆ ಕಪ್‌ನ ಜೊತೆಗೆ ಟಗರೂ ಬಹುಮಾನ. ಗೆದ್ದ ಹುಡುಗರು ಕಪ್ ಎತ್ತಿಕೊಂಡು ಟ್ರ್ಯಾಕ್ಟರ್ ಹತ್ತುತ್ತಾರೆ. ಟಗರು ಅಂದು ರಾತ್ರಿಯೇ ಮುಗಿಯುತ್ತದೆ, ಕಪ್ ಯಾರದೋ ಮನೆಯ ಷೋಕೇಸಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಗೆದ್ದವರ ಹೆಸರು ಅದರ ಮೇಲೆ ಇರುವುದೇ ಇಲ್ಲ. ಲೋಕದ ಅತಿ ದೊಡ್ಡ ಕಪ್ಪಿನ ಮೊದಲ ಇಪ್ಪತ್ತು ವರ್ಷಗಳೂ ಇದಕ್ಕಿಂತ ಬಹಳ ಬೇರೆಯಾಗಿರಲಿಲ್ಲ.

1975ರಲ್ಲಿ ಇಂಗ್ಲೆಂಡಿನಲ್ಲಿ ಎಂಟು ತಂಡಗಳು, 60 ಓವರುಗಳ ಪಂದ್ಯ. ದುಡ್ಡು ಕೊಟ್ಟದ್ದು ಪ್ರುಡೆನ್ಷಿಯಲ್ ಎಂಬ ವಿಮಾ ಕಂಪನಿ, ಆದ್ದರಿಂದ ಕಪ್‌ನ ಹೆಸರು ಪ್ರುಡೆನ್ಷಿಯಲ್ ಕಪ್. ಬೆಳ್ಳಿಯ ಮೇಲೆ ಚಿನ್ನದ ಗಿಲೀಟು ಹಿಡಿಸಿದ ಕಪ್ ಅದು. 1987ರಲ್ಲಿ ಪಂದ್ಯಾವಳಿ ಭಾರತ ಮತ್ತು ಪಾಕಿಸ್ತಾನಕ್ಕೆ ಬಂದಾಗ ರಿಲಯನ್ಸ್ ಕಪ್ ಆಯಿತು. 1992ರಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ ಸಿಗರೇಟು ಕಂಪನಿ ಬೆನ್ಸನ್ ಅಂಡ್ ಹೆಜಸ್ ಹೆಸರು ಬಂತು, ಬೆಳ್ಳಿಯ ಜಾಗಕ್ಕೆ ಸ್ಫಟಿಕದ ಗೋಳ ಬಂತು. 1996ರಲ್ಲಿ ಇನ್ನೊಂದು ಸಿಗರೇಟಿನ ಹೆಸರು, ವಿಲ್ಸ್. ಹೊಗೆಸೊಪ್ಪಿನ ಹೆಸರನ್ನು ಆಟದ ಬಹುಮಾನದ ಮೇಲೆ ಎರಡು ಸಲ ಬರೆದದ್ದು ಈ ಕಪ್‌ನ ಚರಿತ್ರೆಯಲ್ಲಿ ಉಳಿದಿರುವ ಕಲೆ, ಅದನ್ನು ಮೃದುಗೊಳಿಸಿ ಹೇಳಲು ನಮಗೆ ಮನಸ್ಸಿಲ್ಲ. 1999ರಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ ತನ್ನದೇ ಕಪ್ ಮಾಡಿಸಿದ ಮೇಲೆ ಈ ಹೆಸರಿನ ವ್ಯಾಪಾರ ನಿಂತಿತು.

ಕಪ್ ಇನ್ನೂ ಹುಟ್ಟುವ ಮೊದಲೇ ಅದರ ಕಥೆಯೊಳಕ್ಕೆ ಮಂಡ್ಯದಲ್ಲಿ ಹುಟ್ಟಿದ ಒಬ್ಬರು ಬರುತ್ತಾರೆ.

ಎಂ. ಚಿನ್ನಸ್ವಾಮಿ ಹುಟ್ಟಿದ್ದು 1900ರ ಮಾರ್ಚ್ 29ರಂದು, ಮಂಡ್ಯದಲ್ಲಿ. ಆಗ ಮಂಡ್ಯ ಜಿಲ್ಲೆಯೇ ಆಗಿರಲಿಲ್ಲ. ಸಕ್ಕರೆ ಕಾರ್ಖಾನೆಗೆ ಇನ್ನೂ ಮೂರು ದಶಕ ಬಾಕಿ, ಕನ್ನಂಬಾಡಿ ಕಟ್ಟೆಯೂ ಎದ್ದಿರಲಿಲ್ಲ, ವಿಶ್ವೇಶ್ವರಯ್ಯ ನಾಲೆಯ ನೀರು ಈ ಬಯಲಿಗೆ ಹರಿದಿರಲಿಲ್ಲ. ಚಿನ್ನಸ್ವಾಮಿ ವೃತ್ತಿಯಿಂದ ವಕೀಲರು. ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆಯನ್ನು ಕಟ್ಟಿ ಬೆಳೆಸಿದವರಲ್ಲಿ ಮುಂದಿನವರು, ನಾಲ್ಕು ದಶಕ ಅದರ ಸೇವೆಯಲ್ಲಿ ಕಳೆದವರು. 1977ರಿಂದ 1980ರವರೆಗೆ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ಅಧ್ಯಕ್ಷರಾದರು. 1991ರ ನವೆಂಬರ್‌ನಲ್ಲಿ ತೀರಿಕೊಂಡರು. ಬ್ಯಾಟು ಚೆಂಡಿನಿಂದ ಹೆಸರು ಮಾಡಿದವರಲ್ಲ, ಆಡುವವರಿಗೆ ನೆಲ ಒದಗಿಸಿದವರು.

ಆ ನೆಲ ಯಾವುದೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕಿನ ಮಗ್ಗುಲಲ್ಲಿ ಸರ್ಕಾರದಿಂದ ಜಾಗ ಪಡೆದು, 1969ರಲ್ಲಿ ಅಡಿಗಲ್ಲು ಹಾಕಿಸಿ ಕಟ್ಟಿದ ಕ್ರೀಡಾಂಗಣ ಮೊದಲಿಗೆ ಸಂಸ್ಥೆಯ ಹೆಸರಿನಲ್ಲಿತ್ತು, ಆಮೇಲೆ ಅವರ ಹೆಸರಾಯಿತು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಅದೇ ಋತುವಿನಲ್ಲಿ, ಸತತ 15 ವರ್ಷ ರಣಜಿ ಟ್ರೋಫಿ ಗೆದ್ದಿದ್ದ ಬೊಂಬಾಯಿಯನ್ನು ಸೆಮಿಫೈನಲ್‌ನಲ್ಲಿ ತಡೆದು, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಪ್ರಸನ್ನ ಅವರ ತಂಡ ರಾಜ್ಯಕ್ಕೆ ಮೊದಲ ರಣಜಿ ಟ್ರೋಫಿ ತಂದಿತು. ಹೊಸ ಹೆಸರಿನ ರಾಜ್ಯಕ್ಕೆ ಸಿಕ್ಕ ಮೊದಲ ದೊಡ್ಡ ಬಹುಮಾನ ಅದು.

ಮುಂದಿನ ವರ್ಷದ ಕೊನೆಗೆ, 1974ರ ನವೆಂಬರ್‌ನಲ್ಲಿ, ಚಿನ್ನಸ್ವಾಮಿಯವರ ಮೈದಾನದಲ್ಲಿ ಮೊದಲ ಟೆಸ್ಟ್. ಬಂದದ್ದು ವೆಸ್ಟ್ ಇಂಡೀಸ್. ಗಾರ್ಡನ್ ಗ್ರೀನಿಜ್, ವಿವಿಯನ್ ರಿಚರ್ಡ್ಸ್ ಇಬ್ಬರೂ ಟೆಸ್ಟ್ ಕ್ರಿಕೆಟ್ಟಿಗೆ ಕಾಲಿಟ್ಟದ್ದು ಆ ಪಂದ್ಯದಲ್ಲಿ. ಗ್ರೀನಿಜ್ 93 ಮತ್ತು 107 ಹೊಡೆದರು. ರಿಚರ್ಡ್ಸ್ ಎರಡೂ ಇನಿಂಗ್ಸಿನಲ್ಲಿ ಮೈಸೂರಿನ ಚಂದ್ರಶೇಖರ್‌ಗೆ ವಿಕೆಟ್ ಒಪ್ಪಿಸಿ ನಾಲ್ಕು ಮತ್ತು ಮೂರಕ್ಕೆ ಹಿಂದಿರುಗಿದರು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಕ್ಲೈವ್ ಲಾಯ್ಡ್ ನಾಯಕರಾಗಿ ಆಡಿದ ಮೊದಲ ಟೆಸ್ಟೂ ಇದೇ. ಎರಡನೆಯ ಇನಿಂಗ್ಸಿನಲ್ಲಿ 163 ಹೊಡೆದು, 267 ರನ್ನಿನಿಂದ ಗೆದ್ದು ಅವರು ಬೆಂಗಳೂರು ಬಿಟ್ಟರು. ಏಳು ತಿಂಗಳು ಕಳೆದು 1975ರ ಜೂನ್ 21ರಂದು ಲಾರ್ಡ್ಸ್‌ನಲ್ಲಿ ಮೊದಲ ಪ್ರುಡೆನ್ಷಿಯಲ್ ಕಪ್ ಎತ್ತಿ ಹಿಡಿದದ್ದು ಅದೇ ಲಾಯ್ಡ್. ಫೈನಲ್‌ನಲ್ಲಿ ಅವರ ಗಳಿಕೆ 102. ವಿಶ್ವಕಪ್ಪನ್ನು ಮೊದಲು ಮುಟ್ಟಿದ ಕೈಗೆ ನಾಯಕತ್ವದ ಪಾಠ ಶುರುವಾದದ್ದು ಮಂಡ್ಯದವರೊಬ್ಬರು ಕಟ್ಟಿಸಿದ ನೆಲದಲ್ಲಿ.

ಆ ಮೊದಲ ಪಂದ್ಯಾವಳಿಯ ಮೊದಲ ದಿನ ಜೂನ್ 7. ಭಾರತಕ್ಕೆ ನೆನೆಯಲು ಸಂಕಟವಾಗುವ ದಿನ. ಇಂಗ್ಲೆಂಡ್ 334 ಹೊಡೆದಿತ್ತು, ಗಾವಸ್ಕರ್ 60 ಓವರ್ ನಿಂತು 36 ಮಾಡಿದರು, ಭಾರತದ ಮೊತ್ತ 132. ಎಲ್ಲರೂ ಆ 36ನ್ನು ನೆನಪಿಟ್ಟುಕೊಂಡಿದ್ದಾರೆ. ಅಂದು ಭಾರತದ ಪರ ಹೆಚ್ಚು ರನ್ ಮಾಡಿದವರು ಭದ್ರಾವತಿಯ ಜಿ.ಆರ್. ವಿಶ್ವನಾಥ್ ಎಂಬುದನ್ನು ಮರೆತಿದ್ದಾರೆ. ಅವರದು 37. ನಾಲ್ಕು ವರ್ಷ ಬಿಟ್ಟು 1979ರಲ್ಲಿ ಭಾರತ ಆಡಿದ ಮೂರೂ ಪಂದ್ಯ ಸೋತಾಗ, ವೆಸ್ಟ್ ಇಂಡೀಸ್ ವೇಗಿಗಳೆದುರು 75 ಹೊಡೆದವರೂ ವಿಶ್ವನಾಥ್. ಸೋತ ತಂಡದ ಒಳ್ಳೆಯ ಇನಿಂಗ್ಸನ್ನು ಯಾವ ಬೆಳ್ಳಿಯೂ ಕೆತ್ತಿಸಿಕೊಳ್ಳುವುದಿಲ್ಲ. ಆ ಲೆಕ್ಕ ಬರೆದಿಡುವುದು ನಮ್ಮಂಥ ಪತ್ರಿಕೆಗಳ ಕೆಲಸ.

ಎರಡನೆಯ ಕಪ್ಪೂ ಲಾಯ್ಡ್ ಅವರಿಗೇ ಹೋಯಿತು. ಮೂರನೆಯದೂ ಹೋಗುತ್ತದೆಂದು ಲೋಕವೇ ನಂಬಿತ್ತು.

1983ರ ಕಥೆಯನ್ನು ಕಪಿಲ್ ದೇವ್ ಅವರ 175 ಎಂದು, ಮೊಹಿಂದರ್ ಅಮರನಾಥ್ ಅವರ ಕೊನೆಯ ವಿಕೆಟ್ ಎಂದು ದೇಶ ಹೇಳಿಕೊಳ್ಳುತ್ತದೆ. ಅದು ಸರಿಯೇ. ಆದರೆ ಅಂಕಿಗಳ ಪುಸ್ತಕ ತೆರೆದು ಕೂತರೆ ಇನ್ನೆರಡು ಹೆಸರು ಮತ್ತೆ ಮತ್ತೆ ಎದ್ದು ಬರುತ್ತವೆ: ರೋಜರ್ ಬಿನ್ನಿ, ಸಯ್ಯದ್ ಕಿರ್ಮಾನಿ. ಒಬ್ಬರು ಬೆಂಗಳೂರಿನ ಆಂಗ್ಲೋ ಇಂಡಿಯನ್ ಮನೆತನದವರು, ಭಾರತಕ್ಕೆ ಆಡಿದ ಆ ಸಮುದಾಯದ ಮೊದಲಿಗರು. 1977-78ರಲ್ಲಿ ಚಿಕ್ಕಮಗಳೂರಿನಲ್ಲಿ ಕೇರಳದ ವಿರುದ್ಧ ಸಂಜಯ್ ದೇಸಾಯಿ ಜೊತೆ ವಿಕೆಟ್ ಬೀಳದಂತೆ 451 ರನ್ನಿನ ಆರಂಭದ ಜೊತೆಯಾಟ ಆಡಿದ ಬ್ಯಾಟ್ಸ್‌ಮನ್. ಇಂಗ್ಲೆಂಡಿನ ಜೂನ್ ತಿಂಗಳ ತೇವದ ಗಾಳಿಯಲ್ಲಿ ಅವರ ಮಧ್ಯಮ ವೇಗದ ಚೆಂಡು ಬೇರೆಯೇ ಜೀವ ಪಡೆಯಿತು. ಇನ್ನೊಬ್ಬರು ಬೆಂಗಳೂರಿನ ಬೀದಿಯಲ್ಲಿ ಗ್ಲೌಸ್ ಇಲ್ಲದೆ ಇಟ್ಟಿಗೆ ಹಿಡಿದು ಕೀಪಿಂಗ್ ಕಲಿತೆನೆಂದು ತಾವೇ ಹೇಳಿಕೊಂಡವರು. 1979ರ ವಿಶ್ವಕಪ್ ತಂಡಕ್ಕೆ ಅವರನ್ನು ಆರಿಸಿಯೇ ಇರಲಿಲ್ಲ.

ಪಂದ್ಯಾವಳಿಯ ಮೊದಲ ಪಂದ್ಯ ಓಲ್ಡ್ ಟ್ರಾಫರ್ಡ್‌ನಲ್ಲಿ, ಎದುರಾಳಿ ವೆಸ್ಟ್ ಇಂಡೀಸ್. ಯಶಪಾಲ್ ಶರ್ಮಾ 89 ಹೊಡೆದರು, ಬಿನ್ನಿ ಮೂರು ವಿಕೆಟ್ ಕಿತ್ತರು, ಭಾರತ 34 ರನ್ನಿನಿಂದ ಗೆದ್ದಿತು. ವಿಶ್ವಕಪ್‌ನಲ್ಲಿ ವೆಸ್ಟ್ ಇಂಡೀಸ್ ಕಂಡ ಮೊದಲ ಸೋಲು ಅದು.

ಮುಂದೆ ಜೂನ್ 18. ಟನ್‌ಬ್ರಿಜ್ ವೆಲ್ಸ್ ಎಂಬ ಸಣ್ಣ ಊರಿನ ಮೈದಾನ, ಎದುರಿಗೆ ಜಿಂಬಾಬ್ವೆ. ಅಂದು ಬಿಬಿಸಿಯ ಕ್ಯಾಮೆರಾ ಇರಲಿಲ್ಲವಾದ್ದರಿಂದ ನೋಡಿದವರ ಮಾತು ಮತ್ತು ಸ್ಕೋರ್ ಹಾಳೆ ಇವೆರಡೇ ನಮಗೆ ಉಳಿದಿರುವ ಮುಖ್ಯ ಸಾಕ್ಷಿ. ಭಾರತ 17ಕ್ಕೆ ಐದು ವಿಕೆಟ್ ಕಳೆದುಕೊಂಡಿತ್ತು. ಆಗ ಕಪಿಲ್ ಜೊತೆ ನಿಂತವರು ಬಿನ್ನಿ, ಮೊತ್ತ 77ಕ್ಕೆ ಹೋಯಿತು. ಬಿನ್ನಿ 22ಕ್ಕೆ ಔಟಾದರು, ಹಿಂದೆಯೇ ಶಾಸ್ತ್ರಿ ಹೋದರು. ಮದನ್ ಲಾಲ್ ಜೊತೆ 62 ಬಂದವು. 140ಕ್ಕೆ ಎಂಟು ಎಂದಾಗ ಕಿರ್ಮಾನಿ ಬಂದರು. ಕೊನೆಯ ಓವರಿನವರೆಗೆ ಇಬ್ಬರೂ ಔಟಾಗಲಿಲ್ಲ. ಒಂಬತ್ತನೆಯ ವಿಕೆಟ್‌ಗೆ ಮುರಿಯದ 126, ಅದರಲ್ಲಿ ಕಿರ್ಮಾನಿಯವರದು 24. ಆ ದಾಖಲೆ 27 ವರ್ಷ ಹಾಗೆಯೇ ಉಳಿಯಿತು. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಐದು ವಿಕೆಟ್ ಬಿದ್ದ ಮೇಲೆ ಭಾರತ ಕೂಡಿಸಿದ್ದು 249 ರನ್. ಅದರಲ್ಲಿ 186 ರನ್ ಬಂದದ್ದು ಕಪಿಲ್ ಎದುರು ತುದಿಯಲ್ಲಿ ಒಬ್ಬ ಕನ್ನಡ ನಾಡಿನ ಆಟಗಾರ ನಿಂತಿದ್ದಾಗ. 175 ಎಂಬುದು ಕಪಿಲ್ ಒಬ್ಬರದೇ, ಅದರಲ್ಲಿ ಯಾರೂ ಪಾಲು ಕೇಳಲಾರರು. ಆದರೆ ನಾಟಿ ಮಾಡುವವರಿಗೂ ನೀರು ಕಟ್ಟುವವರಿಗೂ ಇರುವ ಸಂಬಂಧ ಈ ಬಯಲಿನ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಅಂದು ಎದುರು ತುದಿಯಲ್ಲಿ ನಿಂತವರು ಮಾಡಿದ್ದು ಆ ನೀರು ಕಟ್ಟುವ ಕೆಲಸ.

ಎರಡು ದಿನ ಕಳೆದು ಚೆಲ್ಮ್ಸ್‌ಫರ್ಡ್‌ನಲ್ಲಿ ಆಸ್ಟ್ರೇಲಿಯಾ 129ಕ್ಕೆ ಕುಸಿಯಿತು, ಬಿನ್ನಿ 29 ರನ್ನಿಗೆ ನಾಲ್ಕು ವಿಕೆಟ್. ಸೆಮಿಫೈನಲ್‌ನಲ್ಲಿ ಇಂಗ್ಲೆಂಡಿನ ಆರಂಭದ ಜೋಡಿ ಫೌಲರ್ ಮತ್ತು ಟವರೆ ಇಬ್ಬರನ್ನೂ ಕಿತ್ತವರು ಬಿನ್ನಿ. ಟವರೆಯವರ ಕ್ಯಾಚ್ ಹಿಡಿದವರು ಕಿರ್ಮಾನಿ. ಜೂನ್ 25ರ ಫೈನಲ್‌ನಲ್ಲಿ ಭಾರತ 161ಕ್ಕೆ ಒಂಬತ್ತು ಆಗಿದ್ದಾಗ ಕಿರ್ಮಾನಿ ಮತ್ತು ಬಲವಿಂದರ್ ಸಂಧು ಕೊನೆಯ ವಿಕೆಟ್‌ಗೆ 22 ಕೂಡಿಸಿದರು. ಮೊತ್ತ 183. ಗೆಲುವಿನ ಅಂತರ 43 ಎಂಬುದನ್ನು ನೆನೆದರೆ ಆ 22ರ ತೂಕ ತಿಳಿಯುತ್ತದೆ.

ವೆಸ್ಟ್ ಇಂಡೀಸ್ ಬೆನ್ನಟ್ಟುವಾಗ ರಿಚರ್ಡ್ಸ್ ಹೋದ ಮೇಲೂ ಲಾಯ್ಡ್ ಉಳಿದಿದ್ದರು. ಎರಡು ಕಪ್ ಎತ್ತಿದ ನಾಯಕ ಕ್ರೀಸಿನಲ್ಲಿರುವವರೆಗೆ ಪಂದ್ಯ ಮುಗಿಯುವಂತಿರಲಿಲ್ಲ. ಬಿನ್ನಿಯ ಚೆಂಡಿಗೆ ಅವರು ಬ್ಯಾಟ್ ಬೀಸಿದರು, ಕಪಿಲ್ ಕ್ಯಾಚ್ ಹಿಡಿದರು. ಲಾಯ್ಡ್ ಎಂಟು. ಬೆಂಗಳೂರಿನಲ್ಲಿ ನಾಯಕರಾಗಿ ಹೊರಟವರನ್ನು ಒಂಬತ್ತನೆಯ ವರ್ಷ ಲಾರ್ಡ್ಸ್‌ನಲ್ಲಿ ತಡೆದದ್ದು ಬೆಂಗಳೂರಿನ ಬೌಲರ್. ಮುಂದೆ ಕಿರ್ಮಾನಿ ಸಂಧು ಬೌಲಿಂಗ್‌ನಲ್ಲಿ ಬ್ಯಾಕಸ್ ಅವರ ಕ್ಯಾಚಿಗೆ ಹಾರಿದರು, ಅಮರನಾಥ್ ಬಾಲ ಕತ್ತರಿಸಿದರು, 140ಕ್ಕೆ ಮುಗಿಯಿತು. ಇಡೀ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು ವಿಕೆಟ್ ಬಿನ್ನಿಯವರದು, 18. ಉತ್ತಮ ವಿಕೆಟ್ ಕೀಪರ್ ಬಹುಮಾನ ಕಿರ್ಮಾನಿಯವರದು.

ಗೆದ್ದ ತಂಡಕ್ಕೆ ಕೊಡಲು ಭಾರತೀಯ ಮಂಡಳಿಯಲ್ಲಿ ಆಗ ದುಡ್ಡಿರಲಿಲ್ಲ. ಲತಾ ಮಂಗೇಶ್ಕರ್ ದೆಹಲಿಯಲ್ಲಿ ಹಾಡಿ ಕೂಡಿಸಿದ ಹಣದಿಂದ ಆಟಗಾರರಿಗೆ ತಲಾ ಒಂದು ಲಕ್ಷ ರೂಪಾಯಿ ಬಂತು. ಆ ಬೆಳ್ಳಿ ಕಪ್ ನಮ್ಮ ದೇಶಕ್ಕೆ ಎಂಥ ಬರಿಗೈಯ ಕಾಲದಲ್ಲಿ ಬಂತೆಂಬುದನ್ನು ಇಂದಿನ ಹರಾಜಿನ ಅಂಕಿ ಕೇಳಿ ಬೆಳೆದ ಮಕ್ಕಳಿಗೆ ಹೇಳಬೇಕು.

ಮುಂದಿನ ಮೂರು ಕಪ್‌ಗಳನ್ನು ಬೇಗ ದಾಟಬಹುದು. 1987ರ ಅಕ್ಟೋಬರ್‌ನಲ್ಲಿ ಚಿನ್ನಸ್ವಾಮಿ ಮೈದಾನದಲ್ಲಿ ಭಾರತ ನ್ಯೂಜಿಲೆಂಡನ್ನು 16 ರನ್ನಿನಿಂದ ಸೋಲಿಸಿತು, ಕಪ್ ಆಸ್ಟ್ರೇಲಿಯಾಕ್ಕೆ ಹೋಯಿತು. 1992ರ ಸ್ಫಟಿಕ ಪಾಕಿಸ್ತಾನದ ಪಾಲಾಯಿತು. 1996ರಲ್ಲಿ ಕಪ್ ಶ್ರೀಲಂಕಾಕ್ಕೆ ಹೋದರೂ ಮಾರ್ಚ್ 9ರ ರಾತ್ರಿ ಮಾತ್ರ ನಮ್ಮದು. ಬೆಂಗಳೂರಿನಲ್ಲಿ ಕ್ವಾರ್ಟರ್ ಫೈನಲ್, ಎದುರಾಳಿ ಪಾಕಿಸ್ತಾನ. ವೆಂಕಟೇಶ್ ಪ್ರಸಾದ್ ಅವರ ಚೆಂಡನ್ನು ಬೌಂಡರಿಗಟ್ಟಿ ಅಲ್ಲಿಗೇ ಹೋಗಿ ತೆಗೆದುಕೊಂಡು ಬಾ ಎನ್ನುವಂತೆ ಆಮಿರ್ ಸೊಹೇಲ್ ಕೈ ತೋರಿಸಿದರು, ಮುಂದಿನ ಚೆಂಡಿಗೆ ಅವರ ಸ್ಟಂಪ್ ಹಾರಿತು. ಜಾವಗಲ್ ಶ್ರೀನಾಥ್, ಪ್ರಸಾದ್, ಕುಂಬ್ಳೆ ಮೂವರೂ ಕನ್ನಡ ನೆಲದ ಬೌಲರುಗಳು. ಪ್ರಸಾದ್ ಮತ್ತು ಕುಂಬ್ಳೆ ತಲಾ ಮೂರು ವಿಕೆಟ್ ತೆಗೆದರು. ಆ ವಿಶ್ವಕಪ್‌ನಲ್ಲಿ ಅತಿ ಹೆಚ್ಚು ವಿಕೆಟ್, 15, ಕುಂಬ್ಳೆಯವರದು.

ಈಗ ನಮಗೆ ಗೊತ್ತಿರುವ ಕಪ್‌ಗೆ ಬರೋಣ. 1999ರ ಪಂದ್ಯಾವಳಿಗೆಂದು ಲಂಡನ್ನಿನ ಗ್ಯಾರಾರ್ಡ್ ಎಂಬ ಹಳೆಯ ಅಕ್ಕಸಾಲಿ ಸಂಸ್ಥೆ ಎರಡು ತಿಂಗಳಲ್ಲಿ ಮಾಡಿದ್ದು. ಎತ್ತರ 60 ಸೆಂಟಿಮೀಟರ್, ತೂಕ ಸುಮಾರು 11 ಕಿಲೋ. ಸ್ಟಂಪು ಬೇಲುಗಳ ಆಕಾರದ ಮೂರು ಬೆಳ್ಳಿ ಕಂಬಗಳು ಚಿನ್ನದ ಬಣ್ಣದ ಗೋಳವೊಂದನ್ನು ಹೊತ್ತಿವೆ. ಕಂಬಗಳು ಬ್ಯಾಟಿಂಗ್, ಬೌಲಿಂಗ್, ಫೀಲ್ಡಿಂಗ್‌ಗೆ ಗುರುತು. ಗೋಳ ಒಂದು ಕಡೆಯಿಂದ ಭೂಮಿ, ಇನ್ನೊಂದು ಕಡೆಯಿಂದ ಚೆಂಡು. ಚೆಂಡಿನ ಹೊಲಿಗೆಯನ್ನು ಭೂಮಿಯ ಅಕ್ಷದಂತೆಯೇ ಓರೆ ಮಾಡಿದ್ದಾರೆ. ಬುಡದಲ್ಲಿ 1975ರಿಂದ ಗೆದ್ದವರ ಹೆಸರು ಕೆತ್ತಲು ಇಪ್ಪತ್ತು ಜಾಗ. ಇಲ್ಲಿಂದ ಮುಂದೆ ಕೊಟ್ಟವರ ಹೆಸರು ಹೋಗಿ ಗೆದ್ದವರ ಹೆಸರು ಬಂತು. ಕಪ್‌ನ ಐವತ್ತು ವರ್ಷದಲ್ಲಿ ಆದ ಅತ್ಯಂತ ಒಳ್ಳೆಯ ಬದಲಾವಣೆ ಇದು ಎಂದು ನಮ್ಮ ಅಭಿಪ್ರಾಯ.

ಅಸಲಿ ಕಪ್ ಅಂತರರಾಷ್ಟ್ರೀಯ ಮಂಡಳಿಯ ಬಳಿಯೇ ಇರುತ್ತದೆ, ಗೆದ್ದ ದೇಶ ಮನೆಗೊಯ್ಯುವುದು ಅದರ ಪ್ರತಿರೂಪವನ್ನು. 2011ರಲ್ಲಿ ಮುಂಬಯಿ ಫೈನಲ್‌ಗೆ ಮೊದಲು ಕೊಲಂಬೊದಿಂದ ಬಂದ ಕಪ್ ಒಂದು ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಸುಂಕಕ್ಕಾಗಿ ಉಳಿದುಕೊಂಡಾಗ, ಧೋನಿ ಎತ್ತಿದ್ದು ನಿಜವಾದದ್ದೇ ಎಂಬ ಗುಲ್ಲೆದ್ದಿತು. ಕಸ್ಟಮ್ಸ್ ಹಿಡಿದದ್ದು ಪ್ರಚಾರಕ್ಕೆ ಸುತ್ತಿಸುವ ಕಪ್, ಗೆದ್ದವರಿಗೆಂದು ಮಾಡಿಸಿದ್ದನ್ನೇ ಧೋನಿ ಕೈಗೆ ಕೊಟ್ಟಿದ್ದೇವೆ ಎಂದು ಮಂಡಳಿ ಹೇಳಿತು. ದೇವಸ್ಥಾನದಲ್ಲಿ ಮೂಲ ವಿಗ್ರಹ ಗರ್ಭಗುಡಿಯಲ್ಲೇ ಇದ್ದು ಉತ್ಸವಮೂರ್ತಿ ಬೀದಿಗೆ ಬರುವುದನ್ನು ಕಂಡ ನಮ್ಮ ಜನಕ್ಕೆ ಇದರಲ್ಲಿ ಗೊಂದಲ ಕಾಣಬೇಕಾಗಿಲ್ಲ. ಭಕ್ತಿ ಎರಡಕ್ಕೂ ಸಲ್ಲುತ್ತದೆ.

ಗ್ಯಾರಾರ್ಡ್ ಕಪ್‌ನ ಮೊದಲ ಪಂದ್ಯಾವಳಿಯಲ್ಲಿ ಅತಿ ಹೆಚ್ಚು ರನ್ ಹೊಡೆದವರು ರಾಹುಲ್ ದ್ರಾವಿಡ್, 461. ಟಾಂಟನ್‌ನಲ್ಲಿ ಶ್ರೀಲಂಕಾ ವಿರುದ್ಧ ಗಂಗೂಲಿ ಜೊತೆ ಅವರದು 318ರ ಜೊತೆಯಾಟ. ಪಾಕಿಸ್ತಾನದ ವಿರುದ್ಧ ಪ್ರಸಾದ್ 27 ರನ್ನಿಗೆ ಐದು ವಿಕೆಟ್ ಪಡೆದರು. ಆದರೂ ಕಪ್ ದೂರವೇ ಉಳಿಯಿತು. 2003ರಲ್ಲಿ ಶ್ರೀನಾಥ್ 16 ವಿಕೆಟ್ ತೆಗೆದು ಫೈನಲ್‌ನಲ್ಲಿ ಸೋತು ನಿವೃತ್ತರಾದರು. 2007ರಲ್ಲಿ ದ್ರಾವಿಡ್ ನಾಯಕತ್ವದ ತಂಡ ವೆಸ್ಟ್ ಇಂಡೀಸ್‌ನಲ್ಲಿ ಮೊದಲ ಸುತ್ತಿಗೇ ಹೊರಬಿತ್ತು. ಅದೇ ದ್ವೀಪಗಳಲ್ಲಿ 17 ವರ್ಷ ಕಳೆದು, 2024ರ ಜೂನ್ 29ರಂದು, ತರಬೇತುದಾರರಾಗಿ ಅವರು ಟಿ20 ವಿಶ್ವಕಪ್ ಹಿಡಿದರು. ಎಂದೂ ದನಿಯೇರಿಸದ ಮನುಷ್ಯ ಆ ರಾತ್ರಿ ಕಪ್ ಎತ್ತಿ ಕೂಗಿದ್ದನ್ನು ನೋಡಿ ಕಣ್ಣು ತುಂಬಿಕೊಂಡವರು ನಮ್ಮ ಜಿಲ್ಲೆಯಲ್ಲೂ ಎಷ್ಟೋ ಜನ.

2011ರ ಗೆಲುವಿನ ಬಗ್ಗೆ ಒಂದು ಕಹಿ ಸತ್ಯ ಹೇಳಲೇಬೇಕು. ಭಾರತ 28 ವರ್ಷಗಳ ಮೇಲೆ ಕಪ್ ಗೆದ್ದ ಆ 15 ಜನರ ತಂಡದಲ್ಲಿ ಕರ್ನಾಟಕದ ಒಬ್ಬ ಆಟಗಾರರೂ ಇರಲಿಲ್ಲ. ಒಂದು ಕಾಲಕ್ಕೆ ಭಾರತದ ಟೆಸ್ಟ್ ತಂಡದ ಅರ್ಧದಷ್ಟನ್ನು ಕೊಟ್ಟ ರಾಜ್ಯ ಇದು. ಆ ಪಂದ್ಯಾವಳಿಯ ಎರಡು ಮರೆಯಲಾಗದ ಆಟಗಳು ಮಾತ್ರ ಬೆಂಗಳೂರಿನಲ್ಲೇ ನಡೆದವು: 338ಕ್ಕೆ 338 ಎಂದು ಟೈ ಆದ ಭಾರತ ಮತ್ತು ಇಂಗ್ಲೆಂಡ್ ಪಂದ್ಯ, ಐರ್ಲೆಂಡಿನ ಕೆವಿನ್ ಒ'ಬ್ರಿಯನ್ 50 ಚೆಂಡಿನಲ್ಲಿ ಶತಕ ಹೊಡೆದು ಇಂಗ್ಲೆಂಡನ್ನು ಕೆಡವಿದ ಪಂದ್ಯ. ನೆಲ ನಮ್ಮದಾಗಿತ್ತು, ಆಡಿದವರು ಬೇರೆಯವರು. 2023ರಲ್ಲಿ ಅದೇ ಮೈದಾನದಲ್ಲಿ ಮಂಗಳೂರಿನ ಕೆ.ಎಲ್. ರಾಹುಲ್ ನೆದರ್ಲೆಂಡ್ಸ್ ವಿರುದ್ಧ 62 ಚೆಂಡಿಗೆ ನೂರು ಹೊಡೆದರು. ಬೆಂಗಳೂರು ಮೂಲದ ದಂಪತಿಯ ಮಗ ರಚಿನ್ ರವೀಂದ್ರ ನ್ಯೂಜಿಲೆಂಡ್ ಪರ 108 ಹೊಡೆದರು. ಫೈನಲ್‌ನಲ್ಲಿ ಅಹಮದಾಬಾದಿನ ನಿಧಾನದ ಪಿಚ್‌ನಲ್ಲಿ ರಾಹುಲ್ 107 ಚೆಂಡಿಗೆ 66 ಮಾಡಿ ಎದೆಗೊಟ್ಟರು, ಕಪ್ ಆಸ್ಟ್ರೇಲಿಯಾಕ್ಕೆ ಹೋಯಿತು.

ಹೆಂಗಸರ ಕಪ್‌ನ ಮಾತು ಇಷ್ಟು ತಡವಾಗಿ ಬಂದದ್ದು ತಪ್ಪೇ, ಏಕೆಂದರೆ ವಿಶ್ವಕಪ್ ಎಂಬ ಯೋಚನೆಯೇ ಮೊದಲು ಅವರದು. ಗಂಡಸರ ಪಂದ್ಯಾವಳಿಗಿಂತ ಎರಡು ವರ್ಷ ಮೊದಲು, 1973ರಲ್ಲಿ, ಇಂಗ್ಲೆಂಡಿನಲ್ಲಿ ಮಹಿಳಾ ವಿಶ್ವಕಪ್ ನಡೆದಿತ್ತು. ಭಾರತದ ಹೆಂಗಸರು ಮೊದಲ ಟೆಸ್ಟ್ ಆಡಿದ್ದು 1976ರಲ್ಲಿ ಬೆಂಗಳೂರಿನಲ್ಲಿ, ನಾಯಕಿ ಶಾಂತಾ ರಂಗಸ್ವಾಮಿ. ಅಲ್ಲಿಂದ ನಾಲ್ಕು ದಶಕ ಕಳೆದು 2017ರಲ್ಲಿ ವಿಜಯಪುರದ ರಾಜೇಶ್ವರಿ ಗಾಯಕವಾಡ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ ಐದು ವಿಕೆಟ್ ಕಿತ್ತರು, ಕಡೂರಿನ ವೇದಾ ಕೃಷ್ಣಮೂರ್ತಿ ಅದೇ ಪಂದ್ಯದಲ್ಲಿ 45 ಚೆಂಡಿಗೆ 70 ಹೊಡೆದರು. ಆ ವರ್ಷ ಲಾರ್ಡ್ಸ್ ಫೈನಲ್‌ನಲ್ಲಿ ಭಾರತ ಬರೀ ಒಂಬತ್ತು ರನ್ನಿನಿಂದ ಕಪ್ ಕಳೆದುಕೊಂಡಿತು. ವಿಜಯಪುರ, ಕಡೂರು ಎಂಬ ಹೆಸರುಗಳನ್ನು ನಾವು ಬೇಕೆಂದೇ ಒತ್ತಿ ಹೇಳುತ್ತಿದ್ದೇವೆ. ಅಲ್ಲಿಂದ ಹುಡುಗಿಯರು ಲಾರ್ಡ್ಸ್‌ಗೆ ಹೋಗಬಹುದಾದರೆ ಮಳವಳ್ಳಿಯಿಂದಲೂ ಹೋಗಬಹುದು.

2025ಕ್ಕೆ ಬರುವಾಗ ಲೇಖನಿ ಭಾರವಾಗುತ್ತದೆ. ಗಂಡಸರ ಮೊದಲ ವಿಶ್ವಕಪ್ ಪಂದ್ಯಕ್ಕೆ ಐವತ್ತು ತುಂಬಲು ಮೂರೇ ದಿನ ಇದ್ದಾಗ, ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ 11 ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಬಂದಿದ್ದದ್ದು ಬೆಂಗಳೂರು ತಂಡ ಗೆದ್ದ ಐಪಿಎಲ್ ಕಪ್ ನೋಡಲು, ಹೆಚ್ಚಿನವರು ಎಳೆಯ ವಯಸ್ಸಿನವರು. 18 ವರ್ಷ ಕಾದು ಬಂದ ಚಿನ್ನದ ಬಣ್ಣದ ಒಂದು ವಸ್ತುವನ್ನು ಕಣ್ಣಾರೆ ಕಾಣಬೇಕೆಂಬ ಆಸೆ ಬಿಟ್ಟರೆ ಅವರಲ್ಲಿ ಬೇರೇನೂ ಇರಲಿಲ್ಲ. ಜನರನ್ನು ಕರೆದವರಿಗೆ, ಕಾಯಬೇಕಾದವರಿಗೆ, ಗೇಟು ತೆರೆಯಬೇಕಾದವರಿಗೆ ಆ ಆಸೆಯ ಗಾತ್ರ ಗೊತ್ತಿರಬೇಕಿತ್ತು. ಗೊತ್ತಿದ್ದೂ ಸಿದ್ಧತೆ ಮಾಡದಿದ್ದದ್ದು ಅಕ್ಷಮ್ಯ. ಈ ಮಾತಿನಲ್ಲಿ ನಾವು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಅದರ ಪರಿಣಾಮ ಅಲ್ಲಿಗೇ ನಿಲ್ಲಲಿಲ್ಲ. ಆ ವರ್ಷದ ಮಹಿಳಾ ವಿಶ್ವಕಪ್‌ನ ಉದ್ಘಾಟನಾ ಪಂದ್ಯ ಸೆಪ್ಟೆಂಬರ್ 30ರಂದು ಬೆಂಗಳೂರಿನಲ್ಲಿ ನಡೆಯಬೇಕಿತ್ತು. ಒಂದು ಸೆಮಿಫೈನಲ್ ಕೂಡ ಇಲ್ಲೇ, ಪಾಕಿಸ್ತಾನ ಫೈನಲ್ ತಲುಪದಿದ್ದರೆ ಫೈನಲ್ ಕೂಡ ಇಲ್ಲೇ. ಆಗಸ್ಟ್‌ನಲ್ಲಿ ಬೆಂಗಳೂರನ್ನು ಪಟ್ಟಿಯಿಂದ ತೆಗೆದರು. ಉದ್ಘಾಟನೆ ಗುವಾಹಟಿಗೆ ಹೋಯಿತು, ಸೆಮಿಫೈನಲ್ ಮತ್ತು ಫೈನಲ್ ನವಿ ಮುಂಬಯಿಗೆ. ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ಒಡ್ಡಿದ 339ರ ಗುರಿಯನ್ನು ಜೆಮಿಮಾ ರಾಡ್ರಿಗಸ್ ಔಟಾಗದೆ 127 ಹೊಡೆದು ಮುಟ್ಟಿಸಿದರು. ನವೆಂಬರ್ 2ರ ಫೈನಲ್‌ನಲ್ಲಿ ಶೆಫಾಲಿ ವರ್ಮಾ 87, ದೀಪ್ತಿ ಶರ್ಮಾ 58 ಮತ್ತು ಐದು ವಿಕೆಟ್. ದಕ್ಷಿಣ ಆಫ್ರಿಕಾವನ್ನು 52 ರನ್ನಿನಿಂದ ಸೋಲಿಸಿ ಹರ್ಮನ್‌ಪ್ರೀತ್ ಕೌರ್ ಭಾರತದ ಹೆಂಗಸರ ಮೊದಲ ವಿಶ್ವಕಪ್ ಎತ್ತಿದರು. ಪಾಕಿಸ್ತಾನ ಆ ಫೈನಲ್‌ನಲ್ಲಿರಲಿಲ್ಲ. ಅಂದರೆ ಆ ಕಪ್ ಮೇಲೇರಬೇಕಾಗಿದ್ದದ್ದು ಭಾರತದ ಹೆಂಗಸರು ಮೊದಲ ಟೆಸ್ಟ್ ಆಡಿದ ಊರಿನಲ್ಲಿ, ಮಂಡ್ಯದ ಮಗನ ಹೆಸರಿನ ಮೈದಾನದಲ್ಲಿ. ನಮ್ಮ ಅಜಾಗರೂಕತೆ ಮೊದಲು 11 ಜೀವ ತೆಗೆಯಿತು, ಆಮೇಲೆ ಆ ಸಂಜೆಯನ್ನೂ ನಮ್ಮಿಂದ ಕಸಿಯಿತು. ಮೊದಲನೆಯ ನಷ್ಟದ ಎದುರು ಎರಡನೆಯದು ಏನೂ ಅಲ್ಲ. ಆದರೂ ಐವತ್ತು ವರ್ಷದ ಲೆಕ್ಕದಲ್ಲಿ ಎರಡನ್ನೂ ಬರೆದಿಡಬೇಕು.

ಬೆಳ್ಳಿ ಗಾಳಿಗೆ ಕಪ್ಪಾಗುವ ಲೋಹ. ನಮ್ಮ ಮನೆಗಳಲ್ಲಿ ದೀಪದ ಕಂಬ, ಪಂಚಪಾತ್ರೆಗಳನ್ನು ಹಬ್ಬಕ್ಕೆ ಮೊದಲು ವಿಭೂತಿ ಹಾಕಿ ಉಜ್ಜುತ್ತಾರೆ, ಉಜ್ಜಿದಷ್ಟೂ ಬೆಳಗುತ್ತದೆ. ಚಿನ್ನಸ್ವಾಮಿಯವರ ಹೆಸರಿಗೂ ಈಗ ಅಂಥ ಕೆಲಸ ಬೇಕಾಗಿದೆ. ಜೂನ್ 4ರ ಮೇಲೆ ಆ ಹೆಸರು ಕೇಳಿದರೆ ಎಷ್ಟೋ ಮನೆಗಳಿಗೆ ನೆನಪಾಗುವುದು ಆಂಬ್ಯುಲೆನ್ಸಿನ ಸದ್ದು. ಆ ಮನುಷ್ಯ ತನ್ನ ಆಯುಷ್ಯ ಸವೆಸಿದ್ದು ಇದಕ್ಕಾಗಿ ಅಲ್ಲ.

ಆದ್ದರಿಂದ ಈ ಪತ್ರಿಕೆ ಕೇಳುವುದು ಎರಡು. ಮೊದಲನೆಯದು ರಾಜ್ಯ ಕ್ರಿಕೆಟ್ ಸಂಸ್ಥೆಗೆ ಮತ್ತು ಸರ್ಕಾರಕ್ಕೆ. ಬೆಂಗಳೂರಿನ ಮೈದಾನಕ್ಕೆ ದೊಡ್ಡ ಪಂದ್ಯ ಮರಳಿ ಬರುವ ಮೊದಲು ಒಳಹೋಗುವ, ಹೊರಬರುವ ದಾರಿಗಳು ಸರಿಯಾಗಲಿ, ಸತ್ತ 11 ಜನರ ಹೆಸರು ಆ ಗೋಡೆಯ ಮೇಲೆ ಕನ್ನಡದಲ್ಲಿ ಕೆತ್ತಿರಲಿ. ಎರಡನೆಯದು ನಮ್ಮ ಜಿಲ್ಲೆಗೆ. ಮಂಡ್ಯದಲ್ಲಿ ಹುಟ್ಟಿದವರ ಹೆಸರು ಮಂಡ್ಯದ ಮಕ್ಕಳ ಆಟದ ಬಯಲಿನ ಮೇಲೂ ಇರಲಿ. ಮದ್ದೂರಿಗೊಂದು, ಮಳವಳ್ಳಿಗೊಂದು, ಮ್ಯಾಟ್ ಹಾಸಿದ ಪಿಚ್, ಎರಡು ನೆಟ್, ಹುಡುಗಿಯರಿಗೆ ಬಟ್ಟೆ ಬದಲಿಸಲು ಬಾಗಿಲಿರುವ ಒಂದು ಕೋಣೆ, ವಾರಕ್ಕೆ ನಾಲ್ಕು ದಿನ ಬರುವ ಒಬ್ಬ ಕೋಚ್. ಕ್ರೀಡಾಂಗಣವೆಂದು ಕೋಟಿಗಟ್ಟಲೆಯ ಯೋಜನೆ ಬರೆಯಬೇಕಾಗಿಲ್ಲ. ಬಂಡೂರಿನ ಗದ್ದೆಬಯಲಿನಲ್ಲಿ ಟೆನಿಸ್ ಬಾಲ್ ಆಡುವ ಮಕ್ಕಳ ಕೈಗೆ ತೊಗಲಿನ ಚೆಂಡು ಸಿಗುವಷ್ಟು ಮಾಡಿದರೆ ಸಾಕು.

ಗ್ಯಾರಾರ್ಡ್ ಕಪ್‌ನ ಬುಡದಲ್ಲಿರುವ ಇಪ್ಪತ್ತು ಜಾಗಗಳಲ್ಲಿ ಹದಿಮೂರು ತುಂಬಿವೆ. ಹದಿನಾಲ್ಕನೆಯದು 2027ರಲ್ಲಿ, ದಕ್ಷಿಣ ಆಫ್ರಿಕಾ, ಜಿಂಬಾಬ್ವೆ ಮತ್ತು ನಮೀಬಿಯಾದಲ್ಲಿ. ಇಂದು ನಮ್ಮ ಬಯಲಿನಲ್ಲಿ ಆಡುತ್ತಿರುವ ಹತ್ತು ವರ್ಷದ ಮಗುವಿಗೆ ಅದು ತೀರ ಹತ್ತಿರದ ಗಡುವು. ಹದಿನಾರನೆಯ ಜಾಗ ತುಂಬುವ ಹೊತ್ತಿಗೆ ಆ ಮಗುವಿಗೆ ಇಪ್ಪತ್ತು ವರ್ಷ.